ಮಹಾಗನಿ ಡೆಕ್ಕಿನ ಬಿಳಿ ಗೆರೆ

ಹಳೆಯ ಮಹಾಗನಿ ಸ್ಪೀಡ್‌ಬೋಟ್ ಕಂಡವರ ಕಣ್ಣು ಮೊದಲು ಹೋಗುವುದು ಅದರ ಡೆಕ್ಕಿನ ಮೇಲೆ. ಕೆಂಗಂದು ಹಲಗೆ, ಎರಡು ಹಲಗೆಯ ನಡುವೆ ತೆಳು ಬಿಳಿ ಗೆರೆ. ಅಂದಕ್ಕಾಗಿ ಎಳೆದಂತೆ ಕಾಣುವ ಈ ಗೆರೆ ಹುಟ್ಟಿದ್ದು ನೀರಿನ ಭಯದಿಂದ.

ಮರ ನೀರು ಕುಡಿದರೆ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ನಮ್ಮ ಮುಗಳಖೋಡದಂಥ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೇಸಿಗೆಯಲ್ಲಿ ಸಡಿಲಾದ ಚಕ್ಕಡಿ ಗಾಲಿಯನ್ನು ನೀರಲ್ಲಿ ನೆನೆಸಿ ಬಿಗಿ ಮಾಡಿಕೊಂಡವರು ನಾವು. ಹಡಗಿನ ಬಡಿಗರು ಇದೇ ಗುಣ ತಿಳಿದು ಡೆಕ್ಕಿನ ಹಲಗೆಗಳ ನಡುವೆ ಸಂದು ಬಿಟ್ಟರು. ಅದರೊಳಗೆ ಹಳೆ ಹಗ್ಗದ ನಾರು ಬಡಿದು ತುರುಕಿ, ಮೇಲೆ ಕಾಯಿಸಿದ ಡಾಂಬರು ಹೊಯ್ದರು. ಆಗ ಗೆರೆ ಕಪ್ಪಗಿತ್ತು. 1817ರಲ್ಲಿ ಮುಂಬಯಿಯಲ್ಲಿ ಮಲಬಾರಿನ ತೇಗದಿಂದ ಕಟ್ಟಿದ ‘ಟ್ರಿಂಕೋಮಲಿ’ ಯುದ್ಧನೌಕೆ ಇಂಗ್ಲೆಂಡಿನಲ್ಲಿ ಇವತ್ತಿಗೂ ತೇಲುತ್ತಿದೆ. ಆ ಕಾಲದ ಇಂಥ ಹಡಗುಗಳು ನೀರು ತಡೆದದ್ದು ಹೀಗೆಯೇ.

ಮುಂದೆ ಅಮೆರಿಕದ ಮಿಶಿಗನ್‌ನ ಆಲ್ಗೊನಾಕ್‌ನಲ್ಲಿ ದೋಣಿ ಕಟ್ಟುತ್ತಿದ್ದ ಕ್ರಿಸ್ ಸ್ಮಿತ್, ಗಾರ್ ವುಡ್ ಅವರು ಮಹಾಗನಿ ದೋಣಿಗೆ ಮೋಟಾರು ಕೂಡಿಸಿದರು. 1932ರಲ್ಲಿ ವುಡ್ ತಮ್ಮ ‘ಮಿಸ್ ಅಮೆರಿಕಾ’ ದೋಣಿಯನ್ನು ಗಂಟೆಗೆ 124 ಮೈಲಿಗೂ ಮೇಲೆ ಓಡಿಸಿದರು. ಇದೇ ಬಗೆಯ ವಿಹಾರದ ದೋಣಿಗಳ ಸಂದಿಗೆ ಡಾಂಬರಿನ ಬದಲು ತಿಳಿಬಣ್ಣದ ಪುಟ್ಟಿ ಬಂತು, ಗೆರೆ ಬೆಳ್ಳಗಾಯಿತು.

ಅಂಥ ಡೆಕ್ಕನ್ನು ಮತ್ತೆ ಕೂಡಿಸುವವರು ಹಳೆ ಹಲಗೆಯನ್ನು ಎಸೆಯಲು ಮನಸ್ಸು ಮಾಡುವುದಿಲ್ಲ. ಮಾಡಲೂಬಾರದು. ಅಮೆರಿಕ ಖಂಡದ ಕಾಡಿನ ದೊಡ್ಡೆಲೆ ಮಹಾಗನಿಯ ವ್ಯಾಪಾರಕ್ಕೆ 2003ರಿಂದ ಅಂತರರಾಷ್ಟ್ರೀಯ ಕಡಿವಾಣವಿದೆ. ಅಂಥ ಮರ ಮತ್ತೆ ಸುಲಭಕ್ಕೆ ಸಿಗದು. ಹೀಗಾಗಿ ಮೊದಲು ಹಿತ್ತಾಳೆ, ಕ್ರೋಮಿಯಂ ಸಾಮಾನು ಬಿಚ್ಚಿ, ಬಿಸಿಗಾಳಿ ಹಿಡಿದು ಹಳೆ ವಾರ್ನಿಶ್ ಹೆರೆಯುತ್ತಾರೆ. ಕಬ್ಬಿಣ ಮತ್ತು ತೇವ ಸೇರಿ ಮೂಡಿದ ಕರಿ ಕಲೆಗೆ ಆಕ್ಸಾಲಿಕ್ ಆಮ್ಲ ಹಚ್ಚಿ ತೊಳೆಯುತ್ತಾರೆ.

ನನಗೆ ಬಹಳ ಹಿಡಿಸುವುದು ಸ್ಕ್ರೂ ತಲೆ ಮುಚ್ಚುವ ಕೆಲಸ. ಸ್ಕ್ರೂ ಹಲಗೆಯೊಳಗೆ ಇಳಿದ ಕುಳಿಗೆ ಮಹಾಗನಿಯದೇ ಗುಂಡನೆಯ ಬಿರಡೆ ಕೂಡಿಸಬೇಕು. ಬಿರಡೆಯ ನಾರು ಹಲಗೆಯ ನಾರಿನ ದಿಕ್ಕಿಗೇ ಕೂತರೆ ಕಣ್ಣಿಗೆ ಬೀಳುವುದಿಲ್ಲ. ತುಸು ತಿರುಗಿದರೂ ವಾರ್ನಿಶ್ ಬಿದ್ದೊಡನೆ ಚುಕ್ಕೆಯಾಗಿ ಎದ್ದು ಕಾಣುತ್ತದೆ. ಬಲ್ಲವರು ಅದನ್ನು ಗಟ್ಟಿ ಅಂಟಿನಿಂದ ಕೂಡಿಸದೆ ವಾರ್ನಿಶ್‌ನಲ್ಲೇ ಅದ್ದಿ ಕೂಡಿಸುತ್ತಾರೆ, ಮುಂದೊಮ್ಮೆ ಸ್ಕ್ರೂ ಬಿಚ್ಚುವಾಗ ಹಲಗೆ ಸೀಳಬಾರದೆಂದು.

ಸಂದಿಗೆ ಈಗ ಹಿಗ್ಗಿ ಕುಗ್ಗಬಲ್ಲ ರಬ್ಬರಿನಂಥ ಮಸಾಲೆ ತುಂಬುತ್ತಾರೆ. ಪಾಲಿಶ್ ಕಾಗದದಿಂದ ಉಜ್ಜುತ್ತ, ಒಣಗಲು ಬಿಡುತ್ತ, ಹತ್ತು ಹನ್ನೆರಡು ಕೋಟು ವಾರ್ನಿಶ್ ಏರಿಸಬೇಕು. ಅಷ್ಟಾದರೂ ಬಿಸಿಲಿಗೆ ಅದು ಸೋಲುತ್ತದೆ. ವರ್ಷಕ್ಕೊಮ್ಮೆ ಹಗುರಾಗಿ ಉಜ್ಜಿ ಒಂದೆರಡು ಕೋಟು ಕೊಡದಿದ್ದರೆ ವಾರ್ನಿಶ್ ಬಿರಿದು, ಆ ಬಿರುಕಿನಿಂದ ನೀರು ಒಳಗಿಳಿದು, ಮತ್ತೆ ಹೆರೆಯುವ ಕೆಲಸಕ್ಕೇ ಕೂರಬೇಕಾಗುತ್ತದೆ.