ಆಟಕ್ಕೆ ಮೊದಲು ಮಕ್ಕಳ ಮೈ ಬೆಚ್ಚಗಾಗಲಿ

ಶಾಲೆಯ ಕ್ರೀಡಾಕೂಟದ ದಿನಗಳಲ್ಲಿ ಕಾಲು ಉಳುಕಿಸಿಕೊಂಡು, ತೊಡೆ ಹಿಡಿದುಕೊಂಡು ಆಸ್ಪತ್ರೆಗೆ ಬರುವ ಮಕ್ಕಳನ್ನು ನೋಡುತ್ತೇವೆ. "ಬಿದ್ದಿಲ್ಲ ಸಿಸ್ಟರ್, ಓಡುವಾಗಲೇ ಹಿಡಿದುಕೊಂಡಿತು" ಎನ್ನುತ್ತಾರೆ ಪಾಲಕರು. ಓಡುವ ಮೊದಲು ಏನು ಮಾಡಿದೆ ಎಂದು ಮಗುವನ್ನು ಕೇಳಿದರೆ, "ಸಾಲಿನಲ್ಲಿ ಕುಳಿತಿದ್ದೆ" ಎನ್ನುತ್ತದೆ.

ಸುಮ್ಮನೆ ಕುಳಿತಾಗ ಸ್ನಾಯುಗಳಿಗೆ ರಕ್ತ ಕಡಿಮೆ ಹರಿಯುತ್ತದೆ. ಸ್ವಲ್ಪ ಹೊತ್ತು ಮೈ ಆಡಿಸಿದರೆ ಹೃದಯದ ಬಡಿತ ನಿಧಾನವಾಗಿ ಏರಿ, ಸ್ನಾಯುಗಳಿಗೆ ರಕ್ತವೂ ಆಮ್ಲಜನಕವೂ ಹೆಚ್ಚು ದೊರೆಯುತ್ತವೆ. ಬೆಚ್ಚಗಾದ ಸ್ನಾಯು ಚುರುಕಾಗಿ ಕೆಲಸ ಮಾಡುತ್ತದೆ. ಇದರಿಂದ ಓಟ, ಜಿಗಿತ ಎರಡೂ ಸುಧಾರಿಸುತ್ತವೆ. ಇದನ್ನೇ 'ವಾರ್ಮ್ ಅಪ್' ಎನ್ನುತ್ತಾರೆ.

ಯುರೋಪಿನ 4 ದೇಶಗಳಲ್ಲಿ ಫುಟ್‌ಬಾಲ್ ಆಡುವ 7ರಿಂದ 13 ವರ್ಷದ ಮಕ್ಕಳ ಬಗ್ಗೆ ನಡೆದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಸಮತೋಲನ, ಜಿಗಿತ, ಸರಿಯಾಗಿ ಬೀಳುವ ಅಭ್ಯಾಸಗಳಿದ್ದ ವಾರ್ಮ್ ಅಪ್ ಮಾಡಿದ ಮಕ್ಕಳಲ್ಲಿ ಗಾಯಗಳು ಸುಮಾರು ಅರ್ಧದಷ್ಟು ಕಡಿಮೆಯಾಗಿದ್ದವು.

ಕಬಡ್ಡಿ, ಖೋ ಖೋ, ಓಟ ಯಾವುದೇ ಇರಲಿ, 10 ನಿಮಿಷ ಹೀಗೆ ಮಾಡಿಸಿ:

1. ಮೊದಲು ಬಿರುಸಿನ ನಡಿಗೆ, ನಂತರ ನಿಧಾನ ಓಟ.
2. ತೋಳು ತಿರುಗಿಸುವುದು, ಮಂಡಿ ಎತ್ತಿ ನಡೆಯುವುದು.
3. ಒಂಟಿ ಕಾಲಿನಲ್ಲಿ ನಿಲ್ಲುವುದು. ಜಿಗಿದು ಮಂಡಿ ಬಗ್ಗಿಸಿ ಮೆತ್ತಗೆ ಇಳಿಯುವುದು.
4. ಕೊನೆಗೆ ಆಯಾ ಆಟದ ಚಲನೆ. ಖೋ ಖೋ ಆದರೆ ಕುಳಿತು ಏಳುವುದು, ಸಣ್ಣ ಸಣ್ಣ ಓಟ.

ಸ್ವಲ್ಪ ಬೆವರಿದರೆ ಸಾಕು, ದಣಿಸಬೇಡಿ. ನಂತರ ಬಹಳ ಹೊತ್ತು ಕೂರಿಸಿದರೆ ಮೈ ಮತ್ತೆ ತಣ್ಣಗಾಗುತ್ತದೆ. ಕೈಕಾಲು ಚಾಚಿ ನಿಮಿಷಗಟ್ಟಲೆ ಹಿಡಿದು ನಿಲ್ಲುವ ಅಭ್ಯಾಸವನ್ನು ಆಟ ಮುಗಿದ ಮೇಲೆ ಮಾಡಿಸಿ. ಓಟಕ್ಕೆ ಸ್ವಲ್ಪ ಮುಂಚೆ ಮಾಡಿದರೆ ವೇಗ ತುಸು ಕುಗ್ಗಬಹುದು.

ಬೆಳೆಯುವ ಮಕ್ಕಳ ಎಲುಬಿನ ತುದಿಗಳು ಇನ್ನೂ ಮೃದುವಾಗಿರುತ್ತವೆ. ಪೆಟ್ಟಾದಾಗ ಬಾವು ಬಂದು, ಕಾಲೂರಲು ಆಗದಿದ್ದರೆ ತಿಕ್ಕಿಸಬೇಡಿ, ಎಳೆಸಬೇಡಿ, ಅಲುಗಾಡಿಸದೆ ಕರೆತನ್ನಿ. ಹಿಮ್ಮಡಿ ಅಥವಾ ಮಂಡಿಯ ಕೆಳಗೆ ಪದೇ ಪದೇ ನೋವು ಬರುತ್ತಿದ್ದರೂ ತೋರಿಸಿ.

ಇನ್ನೊಂದು ಮಾತು ಮರೆಯಬೇಡಿ. ಓಡುವಾಗ ಎಚ್ಚರ ತಪ್ಪುವುದು, ಎದೆ ನೋಯುವುದು, ಜೊತೆಯ ಮಕ್ಕಳಿಗಿಂತ ಬಹಳ ಬೇಗ ಉಸಿರು ಕಟ್ಟುವುದು ಇವು ವಾರ್ಮ್ ಅಪ್‌ನಿಂದ ಹೋಗುವ ತೊಂದರೆಗಳಲ್ಲ. ಆಟ ನಿಲ್ಲಿಸಿ, ವೈದ್ಯರಿಗೆ ತೋರಿಸಿ. ಅವರು ಒಪ್ಪಿದ ಮೇಲೆಯೇ ಮೈದಾನಕ್ಕೆ ಕಳುಹಿಸಿ. ಅಸ್ತಮಾ ಇರುವ ಮಗುವಿನ ಕೈಯಲ್ಲಿ ಇನ್‌ಹೇಲರ್ ಇರಲಿ, ಶಿಕ್ಷಕರಿಗೂ ತಿಳಿಸಿರಿ.

ಬಹುಮಾನ ಈ ವರ್ಷ ತಪ್ಪಿದರೆ ಮುಂದಿನ ವರ್ಷ ಬಂದೀತು. ಮಗುವಿನ ಕಾಲು ಜೀವನವಿಡೀ ಬೇಕು.