ಅನ್ನನಾಳದ ಕ್ಯಾನ್ಸರ್‌ಗೆ ಲಿವರ್‌ನ ಅಪ್ಪಣೆ

ತಾಳವಾಡಿಯ ಓದುಗರೊಬ್ಬರ ಪ್ರಶ್ನೆ: “ಅಣ್ಣನಿಗೆ ಅನ್ನನಾಳದ ಕ್ಯಾನ್ಸರ್. ಲಿವರ್ ಕೆಟ್ಟಿದೆ, ಆಪರೇಷನ್ ಬೇಡ ಅಂತಾರೆ. ಗಡ್ಡೆ ಇರೋದು ಎದೆಯಲ್ಲಿ, ಲಿವರ್‌ಗೇನು ಕೆಲಸ?”

ಕೆಲಸ ಬಹಳ ಇದೆ. ಕರುಳು, ಗುಲ್ಮಗಳ ರಕ್ತವೆಲ್ಲ ಲಿವರ್ ಹಾದೇ ಹೃದಯ ಸೇರಬೇಕು. ಸಿರೋಸಿಸ್‌ನಲ್ಲಿ ಲಿವರ್ ಗಟ್ಟಿಯಾಗಿ ಆ ದಾರಿ ಇಕ್ಕಟ್ಟಾಗುತ್ತದೆ. ತೂಬು ಕಟ್ಟಿಕೊಂಡ ಕೆರೆ ಕೋಡಿ ಬೀಳುವಂತೆ, ರಕ್ತ ಅನ್ನನಾಳದ ಕೆಳತುದಿಯ ಸಣ್ಣ ಸಿರೆಗಳಿಗೆ ನುಗ್ಗಿ ಅವು ಊದಿಕೊಳ್ಳುತ್ತವೆ. ಊದಿದ ಗುಲ್ಮ ಪ್ಲೇಟ್‌ಲೆಟ್‌ಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನುಗಳನ್ನು ತಯಾರಿಸುವ ಲಿವರ್‌ನ ಶಕ್ತಿಯೂ ಕುಗ್ಗಿರುತ್ತದೆ. ಶಸ್ತ್ರವೈದ್ಯರು ಕತ್ತರಿಸಬೇಕಾದ ಜಾಗವೇ ರಕ್ತ ಚಿಮ್ಮುವ ಜಾಗವಾಗುತ್ತದೆ. ಕುಡಿತ ಎರಡೂ ರೋಗಗಳಿಗೆ ಕಾರಣವಾದ್ದರಿಂದ ಇವೆರಡೂ ಒಬ್ಬರಲ್ಲೇ ಕಾಣಿಸುವುದು ಅಪರೂಪವೇನಲ್ಲ.

ಯಾರಿಗೆ ಎಷ್ಟು ಅಪಾಯ ಎಂದು ಅಳೆಯುವ ಲೆಕ್ಕದ ಕತೆ ಸ್ವಾರಸ್ಯಕರ. 1964ರಲ್ಲಿ ಅಮೆರಿಕದ ಚೈಲ್ಡ್ ಮತ್ತು ಟರ್ಕಾಟ್ ಎಂಬ ಶಸ್ತ್ರವೈದ್ಯರು ಲಿವರ್ ರೋಗಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದರು. ಅವರ ಪಟ್ಟಿಯಲ್ಲಿ ರೋಗಿಯ ಪೌಷ್ಟಿಕತೆಯೂ ಇತ್ತು; ಅದನ್ನು ಅಳೆಯುವುದು ವೈದ್ಯರ ಅಂದಾಜಿಗೆ ಬಿಟ್ಟದ್ದು. 1973ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯ ಪ್ಯೂ ಮತ್ತು ಸಂಗಡಿಗರು ಅದನ್ನು ತೆಗೆದು, ರಕ್ತ ಹೆಪ್ಪುಗಟ್ಟುವ ಸಮಯವನ್ನು ಸೇರಿಸಿದರು. ಬಿಲಿರುಬಿನ್, ಆಲ್ಬುಮಿನ್, ಹೊಟ್ಟೆಯ ನೀರು, ಮಂಪರು ಸೇರಿ ಐದು ಅಂಶ. ಒಂದೊಂದಕ್ಕೆ 1ರಿಂದ 3 ಅಂಕ. 5–6 ಎ, 7–9 ಬಿ, 10–15 ಸಿ. ಪ್ಯೂ ತಂಡ ಈ ಲೆಕ್ಕ ಹಾಕಿದ್ದು ಯಾರ ಮೇಲೆ ಗೊತ್ತೆ? ಊದಿದ ಸಿರೆಗಳ ರಕ್ತಸ್ರಾವ ತಡೆಯಲು ಅನ್ನನಾಳವನ್ನೇ ಅಡ್ಡ ಕತ್ತರಿಸಿ ಹೊಲಿಸಿಕೊಂಡವರ ಮೇಲೆ!

ಎ ದರ್ಜೆಯ ಆಯ್ದ ಕೆಲವರಿಗೆ ಅನುಭವಿ ಕೇಂದ್ರಗಳಲ್ಲಿ ಆಪರೇಷನ್ ಸಾಧ್ಯ. ಗಡ್ಡೆ ಒಳಪದರದಲ್ಲಷ್ಟೇ ಇದ್ದರೆ, ಊದಿದ ಸಿರೆಗಳಿಗೆ ಮೊದಲು ಬ್ಯಾಂಡ್ ಹಾಕಿ, ಎಂಡೋಸ್ಕೋಪ್‌ನಿಂದಲೇ ಅದನ್ನು ಕೆತ್ತಿ ತೆಗೆಯಬಹುದು. ಬಿ ದರ್ಜೆಯಲ್ಲಿ ರೇಡಿಯೇಷನ್‌ ಕಡೆ ಒಲವು ಹೆಚ್ಚು, ಕೀಮೋ ಅಳೆದು ತೂಗಿ. ರೇಡಿಯೇಷನ್ ಎಂದರೆ ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಐದಾರು ವಾರ. ತಾಳವಾಡಿಯಿಂದ ದಿಂಬಂ ಘಾಟಿಯ 27 ತಿರುವು ಇಳಿದು ಹೋಗಲಿ, ಚಾಮರಾಜನಗರ ದಾಟಿ ಮೈಸೂರಿಗೇ ಹೋಗಲಿ, ಉಳಿಯುವ ವ್ಯವಸ್ಥೆ ಮೊದಲೇ ಆಗಬೇಕು. ಸಿ ದರ್ಜೆಯಲ್ಲಿ ಸ್ಟೆಂಟ್ ಇಟ್ಟು ನುಂಗುವಂತೆ ಮಾಡುವುದೇ ದೊಡ್ಡ ಉಪಕಾರ.

ಇಮ್ಯುನೊಥೆರಪಿಯ ಸುದ್ದಿಗೆ ಮಾರುಹೋಗುವ ಮುನ್ನ ಒಂದು ಮಾತು: ಅಂಥ ಔಷಧಗಳ ದೊಡ್ಡ ಪರೀಕ್ಷೆಗಳು ಬಹುಮಟ್ಟಿಗೆ ಲಿವರ್ ಚೆನ್ನಾಗಿದ್ದವರ ಮೇಲೇ ನಡೆದಿವೆ. ಇನ್ನು ಕಾಮಾಲೆಗೆಂದು ಕೊಡುವ ನಾಟಿ ಔಷಧಿ, ಅದು ಉಳಿದಿರುವ ಲಿವರನ್ನೂ ಕೆಡಿಸಬಹುದು.

ಅಣ್ಣನ ದರ್ಜೆ ಯಾವುದೆಂದು ವೈದ್ಯರನ್ನು ಕೇಳಿ. ಕುಡಿತ ಪೂರ್ತಿ ಬಿಟ್ಟರೆ ಕೆಲವರಲ್ಲಿ ದರ್ಜೆ ಸುಧಾರಿಸುತ್ತದೆ. ಅಷ್ಟು ಕಾಲ ಕ್ಯಾನ್ಸರ್ ಕಾಯುತ್ತದೆಯೇ ಎಂಬುದನ್ನೂ ಕೇಳಿ.