ಎ.ಐ. ಸಹಾಯಕವನ್ನು ಕೇಳುವ ಮುನ್ನ ರಾಸಿನ ವಿವರ ಬರೆದುಕೊಳ್ಳಿ



ಎ.ಐ. ಎಂದೊಡನೆ ನಮಗೆ ನೆನಪಾಗುವುದು ಕೃತಕ ಗರ್ಭಧಾರಣೆ. ಇಲ್ಲಿ ಹೇಳಹೊರಟಿರುವ ಎ.ಐ. ಬೇರೆ; ಇದು ಕೃತಕ ಬುದ್ಧಿಮತ್ತೆ. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ನಂತರ ಇಂತಹ ಹಲವು ಸಹಾಯಕಗಳು ಮೊಬೈಲ್‌ನಲ್ಲಿ ದೊರೆಯುತ್ತಿವೆ. ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಉತ್ತರಿಸುತ್ತವೆ. ಆದರೆ ಉತ್ತರ ಉಪಯೋಗಕ್ಕೆ ಬರುವುದು ನೀವು ಕೇಳುವ ರೀತಿಯನ್ನು ಅವಲಂಬಿಸಿದೆ.

“ನನ್ನ ಹಸುವಿನ ಹಾಲಿನಲ್ಲಿ ಜಿಡ್ಡು ಕಡಿಮೆ, ಏನು ಮಾಡಲಿ?” ಎಂದಷ್ಟೇ ಕೇಳಿ ನೋಡಿ. ಒಳ್ಳೆಯ ಮೇವು ಹಾಕಿ, ಶುದ್ಧ ನೀರು ಕೊಡಿ, ವೈದ್ಯರನ್ನು ಕಾಣಿ ಎಂಬ ಉತ್ತರ ಬರುತ್ತದೆ. ಇದು ನಮಗೆಲ್ಲ ಗೊತ್ತಿರುವುದೇ. ಪಶುವೈದ್ಯರು ಕೊಟ್ಟಿಗೆಗೆ ಬಂದರೆ ರಾಸಿನ ಮೈ ಮುಟ್ಟುತ್ತಾರೆ, ಗೋದಲಿಯಲ್ಲಿನ ಮೇವು ನೋಡುತ್ತಾರೆ, ಸಗಣಿ ನೋಡುತ್ತಾರೆ. ಯಂತ್ರಕ್ಕೆ ಅದೊಂದೂ ಕಾಣದು. ಕಾಣುವಂತೆ ನೀವೇ ಹೇಳಬೇಕು.

ಅದೇ ಪ್ರಶ್ನೆಯನ್ನು ಹೀಗೆ ಕೇಳಬಹುದು: “ಎಚ್.ಎಫ್. ಮಿಶ್ರತಳಿ ಹಸು, ಎರಡನೇ ಸೂಲು, ಕರು ಹಾಕಿ ಮೂರು ತಿಂಗಳು. ದಿನಕ್ಕೆ 12 ಲೀಟರ್ ಹಾಲು. ಜಿಡ್ಡು ಶೇ. 3.8 ಇದ್ದದ್ದು ಹದಿನೈದು ದಿನಗಳಿಂದ 3.1ಕ್ಕೆ ಇಳಿದಿದೆ. ರಾಗಿ ಹುಲ್ಲು ಮುಗಿದಿದೆ. ಈಗ ಎಳೆಯ ಮುಸುಕಿನ ಜೋಳದ ಹಸಿ ಮೇವು ಮತ್ತು 6 ಕೆ.ಜಿ. ಪಶು ಆಹಾರ. ಜ್ವರವಿಲ್ಲ, ಮೆಲುಕು ಕಡಿಮೆ. ಕಾರಣ ಏನಿರಬಹುದು? ಇನ್ನೇನಾದರೂ ತಿಳಿಯಬೇಕಿದ್ದರೆ ಮೊದಲು ನನ್ನನ್ನು ಕೇಳಿ.”

ಈ ವಿವರದಲ್ಲೇ ಕಾರಣದ ಸುಳಿವಿದೆ. ಮೆಲುಕು ಚೀಲದಲ್ಲಿ ನಾರು ಕೊಳೆತಾಗ ಅಸಿಟಿಕ್ ಆಮ್ಲ ಹೆಚ್ಚು ಸಿಗುತ್ತದೆ; ಕೆಚ್ಚಲು ಅದರಿಂದ ಜಿಡ್ಡು ತಯಾರಿಸುತ್ತದೆ. ಒಣ ಮೇವು ತಪ್ಪಿ ಹಿಂಡಿಯ ಪಾಲು ಹೆಚ್ಚಾದರೆ ಜಿಡ್ಡು ಇಳಿಯುತ್ತದೆ. ಹುಲ್ಲು ಮುಗಿದ ಸಂಗತಿ ಬರೆಯದಿದ್ದರೆ ಯಂತ್ರ ಇದನ್ನು ಊಹಿಸಬೇಕಾಗುತ್ತಿತ್ತು.

ಇನ್ನೊಂದು ಎಚ್ಚರಿಕೆ. ಉತ್ತರವನ್ನು ನಾವೇ ಪ್ರಶ್ನೆಯೊಳಗೆ ಇಡಬಾರದು. “ಸಂಘದ ಪರೀಕ್ಷೆ ತಪ್ಪಾಗಿರುವುದರಿಂದಲೇ ಜಿಡ್ಡು ಕಡಿಮೆ ಬರುತ್ತಿದೆಯಲ್ಲವೇ?” ಎಂದರೆ ಯಂತ್ರ ಹೌದೆಂದು ತಲೆಯಾಡಿಸುವ ಸಂಭವ ಹೆಚ್ಚು. ಅದನ್ನು ಹಿಡಿದು ಕಾರ್ಯದರ್ಶಿಯವರೊಡನೆ ಜಗಳಕ್ಕೆ ಹೋದರೆ ಜಿಡ್ಡೇನೂ ಏರದು. ಹಾಗೆಯೇ “ಥೈಲೇರಿಯಾ ಬಂದಿದೆ, ಔಷಧಿ ಹೇಳಿ” ಎಂದು ರೋಗಕ್ಕೆ ನೀವೇ ಹೆಸರಿಡಬೇಡಿ. ಜ್ವರ ಎಷ್ಟು, ಎಷ್ಟು ದಿನದಿಂದ, ಉಣ್ಣೆ ಇವೆಯೇ, ಮೂತ್ರದ ಬಣ್ಣವೇನು ಎಂದು ಕಂಡದ್ದನ್ನಷ್ಟೇ ಬರೆಯಿರಿ.

ಗೊತ್ತಿಲ್ಲದ್ದನ್ನೂ ಗೊತ್ತಿದ್ದಂತೆಯೇ ಹೇಳುವುದು ಈ ಯಂತ್ರದ ದೊಡ್ಡ ದೋಷ. ಆದ್ದರಿಂದ ಔಷಧಿಯ ಪ್ರಮಾಣವನ್ನು ಅದರಿಂದ ಪಡೆದು ಚುಚ್ಚುಮದ್ದು ಕೊಡಬೇಡಿ. ಪ್ರತಿಜೀವಕ ಕೊಟ್ಟ ರಾಸಿನ ಹಾಲನ್ನು ಎಷ್ಟು ದಿನ ಸಂಘಕ್ಕೆ ಹಾಕಬಾರದು ಎಂಬುದನ್ನೂ ವೈದ್ಯರಿಂದಲೇ ತಿಳಿಯಿರಿ.

ಕರು ಹಾಕಿದ ದಿನ, ಗರ್ಭಧಾರಣೆ ಮಾಡಿಸಿದ ದಿನ, ಹಾಲಿನ ಚೀಟಿಯಲ್ಲಿನ ಜಿಡ್ಡು, ಮೇವು ಬದಲಿಸಿದ ದಿನ ಇಷ್ಟನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದಿಟ್ಟರೆ ಯಂತ್ರವನ್ನು ಕೇಳುವಾಗಲೂ ವೈದ್ಯರಿಗೆ ಹೇಳುವಾಗಲೂ ತಡಕಾಡಬೇಕಿಲ್ಲ. ಹೊಟ್ಟೆ ಉಬ್ಬರವಾದಾಗ, ಕರು ಅಡ್ಡ ಸಿಕ್ಕಿಕೊಂಡಾಗ ಮಾತ್ರ ಮೊಬೈಲ್‌ನಲ್ಲಿ ಪ್ರಶ್ನೆ ಬರೆಯುತ್ತಾ ಕೂರಬೇಡಿ. ಕೂಡಲೇ ನಿಮ್ಮ ಪಶುವೈದ್ಯರಿಗೆ ಅಥವಾ ಸಂಚಾರಿ ಪಶು ಚಿಕಿತ್ಸಾಲಯದ 1962 ಸಂಖ್ಯೆಗೆ ಕರೆ ಮಾಡಿ.